ಚಳಿಗೆಂದು ಕೊಟ್ಟ ಬೂಸಾ ಗಂಜಿ: ಮಲೆನಾಡಿನ ಲಾಯವೊಂದರ ಪ್ರಕರಣ ಅಧ್ಯಯನ

ತೀರ್ಥಹಳ್ಳಿ ತಾಲ್ಲೂಕಿನ ಒಂದು ಅಡಿಕೆ ತೋಟದ ಮನೆ. ತೋಟದ ಪಕ್ಕದಲ್ಲೇ ಹೋಂಸ್ಟೇ ಇದೆ. ಅಲ್ಲಿಗೆ ಬರುವ ಮಕ್ಕಳನ್ನು ಕೂರಿಸಿ ಒಂದು ಸುತ್ತು ಹಾಕಿಸಲೆಂದು ಎರಡು ಕುದುರೆ, ಒಂದು ತಟ್ಟು (ಗಿಡ್ಡ ಜಾತಿಯ ಕುದುರೆ) ಸಾಕಿದ್ದಾರೆ. ಗುರುತು ಸಿಗುವ ವಿವರಗಳನ್ನೆಲ್ಲ ಇಲ್ಲಿ ಬಿಡಲಾಗಿದೆ. ಪ್ರಕರಣ ಇರುವುದು ಆ ಲಾಯದ 11 ವರ್ಷದ ಹೆಣ್ಣು ಕುದುರೆಯದು. ಎದೆಯ ಸುತ್ತಳತೆ 158 ಸೆಂ.ಮೀ., ಭುಜದ ತುದಿಯಿಂದ ಪೃಷ್ಠದ ತುದಿವರೆಗಿನ ಉದ್ದ 150 ಸೆಂ.ಮೀ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ಅಂದಾಜು ತೂಕ ಸಿಗುತ್ತದೆ. ಇಲ್ಲಿ 315 ಕೆ.ಜಿ. ಮುಂದಿನ ಲೆಕ್ಕಗಳೆಲ್ಲ ಈ ತೂಕದ ಮೇಲೆಯೇ ನಿಂತಿವೆ. ಟೇಪು ಹಿಡಿದು ಅಳೆಯದೆ "ಒಂದು ಮೊರ", "ಎರಡು ಬೊಗಸೆ" ಎಂದು ಹಾಕುವ ಲಾಯಗಳಲ್ಲಿ ಎಡವಟ್ಟು ಶುರುವಾಗುವುದು ಇಲ್ಲಿಂದಲೇ.

ಮಳೆಗಾಲವಿಡೀ ಅವಳಿಗೆ ತೋಟದ ಬದುವಿನ ಹಸಿಹುಲ್ಲು ದಿನಕ್ಕೆ 20 ಕೆ.ಜಿ.ಯಷ್ಟು ಸಿಗುತ್ತಿತ್ತು. ಜೊತೆಗೆ ಒಂದು ಕೆ.ಜಿ. ಬೇಯಿಸಿದ ಹುರುಳಿ. ಮೈ ತುಂಬಿಕೊಂಡಿದ್ದಳು, ಲದ್ದಿ ಚೆನ್ನಾಗಿತ್ತು. ನವೆಂಬರ್ ಕೊನೆಗೆ ಬತ್ತದ ಕೊಯ್ಲು ಮುಗಿದು ಹೊಸ ಹುಲ್ಲು ಅಂಗಳಕ್ಕೆ ಬಂತು. ಬದುವಿನ ಹಸಿಹುಲ್ಲು ಒಣಗತೊಡಗಿತ್ತು, ಕೊಯ್ಯುವ ಆಳುಗಳು ಅಡಿಕೆ ಗೊನೆ ಕೊಯ್ಲಿಗೆ ಹೋದರು. ಎರಡೇ ದಿನದಲ್ಲಿ ಕುದುರೆಯ ಮೇವು ಪೂರ್ತಿ ಬದಲಾಯಿತು: ಬತ್ತದ ಒಣಹುಲ್ಲು 5 ಕೆ.ಜಿ., ಹುರುಳಿ ಹಾಗೆಯೇ.

ಡಿಸೆಂಬರ್ ಮೊದಲ ವಾರ ಚಳಿ ಬಿತ್ತು. ರಾತ್ರಿ ಉಷ್ಣಾಂಶ 14 ಡಿಗ್ರಿಯ ಆಸುಪಾಸು, ಬೆಳಿಗ್ಗೆ ಎಂಟರವರೆಗೂ ಮಂಜು. ಮನೆಯ ಹಿರಿಯಮ್ಮನಿಗೆ ಮನಸ್ಸು ತಡೆಯಲಿಲ್ಲ. "ಪಾಪ, ಅದೂ ಒಂದು ಜೀವ ಅಲ್ದೇನೋ, ಬಿಸಿಬಿಸಿ ಏನಾದ್ರೂ ಕಲಸಿ ಹಾಕು" ಎಂದು ಲಾಯ ನೋಡಿಕೊಳ್ಳುವ ಹುಡುಗನಿಗೆ ಹೇಳಿದರು. ಅಂದಿನಿಂದ ರಾತ್ರಿ ಊಟಕ್ಕೆ ಒಂದೂವರೆ ಕೆ.ಜಿ. ಗೋಧಿ ಬೂಸಾ, 200 ಗ್ರಾಂ ಬೆಲ್ಲ, ಒಂದು ಹಿಡಿ ಮೆಂತ್ಯ, ಜಜ್ಜಿದ ಶುಂಠಿ, ಕಾಳುಮೆಣಸು. ಎಲ್ಲವನ್ನೂ ಬಿಸಿನೀರು ಚಿಮುಕಿಸಿ ಉಂಡೆ ಕಟ್ಟುವ ಹದಕ್ಕೆ ಕಲಸಿ ಬಾನಿಗೆ ಹಾಕುತ್ತಿದ್ದರು. ಕುದುರೆ ಆಸೆಯಿಂದ ತಿಂದಳು. ಪ್ರೀತಿಯಿಂದಲೇ ಮಾಡಿದ ಕೆಲಸ, ಅದರಲ್ಲಿ ಎರಡು ಮಾತಿಲ್ಲ.

ಒಂಬತ್ತನೆಯ ಬೆಳಗು

ಗಂಜಿ ಶುರುವಾದ ಒಂಬತ್ತನೆಯ ದಿನ ಬೆಳಿಗ್ಗೆ ಆರಕ್ಕೆ ಹುಡುಗ ಲಾಯಕ್ಕೆ ಹೋದಾಗ ಬಾನಿಯಲ್ಲಿ ರಾತ್ರಿಯ ಗಂಜಿ ಅರ್ಧ ಹಾಗೇ ಇತ್ತು. ಕುದುರೆ ಮುಂಗಾಲಿನಿಂದ ನೆಲ ಕೆರೆಯುತ್ತಿದ್ದಳು, ತಿರುತಿರುಗಿ ತನ್ನ ಪಕ್ಕೆ ನೋಡಿಕೊಳ್ಳುತ್ತಿದ್ದಳು, ಮಲಗುವುದು, ಏಳುವುದು. ರಾತ್ರಿಯಿಡೀ ಹಾಕಿದ್ದು ಒಂದೇ ಒಂದು ಲದ್ದಿ. ಅದೂ ಅಡಿಕೆ ಗಾತ್ರದ ಗಟ್ಟಿ ಉಂಡೆಗಳು, ಮೇಲೆ ಬಿಳಿ ಲೋಳೆಯ ಪೊರೆ.

ಮೊದಲ ತಿರುವು ಇಲ್ಲಿ. ಹಸುವಿಗೆ ಹೊಟ್ಟೆ ಕಟ್ಟಿದರೆ ಮಲೆನಾಡಿನ ಕೊಟ್ಟಿಗೆಗಳಲ್ಲಿ ಮಾಡುವುದೇನು? ಬಿದಿರಿನ ಗೊಟ್ಟದಲ್ಲಿ ಎಣ್ಣೆ ತುಂಬಿ, ತಲೆ ಎತ್ತಿ ಹಿಡಿದು ಗಂಟಲಿಗೆ ಬಿಡುವುದು. ಇಲ್ಲಿಯೂ ಹರಳೆಣ್ಣೆ ಬೆಚ್ಚಗಾಗಿತ್ತು, ಗೊಟ್ಟ ತೊಳೆದಿಟ್ಟಾಗಿತ್ತು. ಅಷ್ಟರಲ್ಲಿ ಫೋನಿನಲ್ಲಿ ಸಿಕ್ಕ ಪಶುವೈದ್ಯರು ಹೇಳಿದ್ದು ಇಷ್ಟು: "ಗೊಟ್ಟ ಮಾತ್ರ ಎತ್ತಬೇಡಿ. ಮೇವು ತೆಗೆದಿಡಿ, ನೀರು ಇರಲಿ. ಹೊರಳಾಡಿದರೆ ಎಬ್ಬಿಸಿ ಮೆಲ್ಲಗೆ ನಡೆಸಿ, ಸುಮ್ಮನೆ ನಿಂತಿದ್ದರೆ ನಿಲ್ಲಲು ಬಿಡಿ. ನಾನು ಹೊರಟೆ." ತಲೆ ಎತ್ತಿಸಿ ಎಣ್ಣೆ ಹೊಯ್ದರೆ ಅದು ಅನ್ನನಾಳಕ್ಕೆ ಹೋಗದೆ ಶ್ವಾಸನಾಳಕ್ಕೆ ಇಳಿಯಬಹುದು. ಎಣ್ಣೆ ಶ್ವಾಸಕೋಶ ಸೇರಿದರೆ ಬರುವ ನ್ಯುಮೋನಿಯಾ ಕುದುರೆಯನ್ನೇ ಕೊಲ್ಲಬಹುದು. ಹಸುವಿಗೂ ಈ ಅಪಾಯ ಇದ್ದೇ ಇದೆ. ಕುದುರೆಯ ಜಠರದ ಮೇಲಿನ ಬಾಯಿ ಬಿಗಿ, ಅದಕ್ಕೆ ವಾಂತಿಯಾಗುವುದಿಲ್ಲ. ಹೊಟ್ಟೆಯಲ್ಲಿ ಎಷ್ಟಿದೆ ಎಂದು ಗೊತ್ತಿಲ್ಲದೆ ಮೇಲಿಂದ ತುಂಬುವುದು ಯಾವ ರೀತಿಯಲ್ಲೂ ಸಲ್ಲದು. ಆ ಫೋನು ಹತ್ತು ನಿಮಿಷ ತಡವಾಗಿದ್ದರೆ ಈ ಬರಹ ಬೇರೆಯೇ ಆಗುತ್ತಿತ್ತು.

ವೈದ್ಯರು ಬಂದಾಗ ನಾಡಿ ನಿಮಿಷಕ್ಕೆ 52 (ವಿಶ್ರಾಂತಿಯಲ್ಲಿರುವ ಕುದುರೆಗೆ 28ರಿಂದ 44 ಸಹಜ), ಜ್ವರ ಇರಲಿಲ್ಲ. ವಸಡು ಒಣಗಿ ಅಂಟಂಟಾಗಿತ್ತು. ಎಡಪಕ್ಕೆಗೆ ಕಿವಿಯಿಟ್ಟರೆ ಗುಡುಗುಡು ಸದ್ದು ತೀರಾ ಕಡಿಮೆ. ಗುದದ್ವಾರದಿಂದ ಪರೀಕ್ಷಿಸಿದಾಗ ದೊಡ್ಡ ಕರುಳಿನ ತಿರುವಿನಲ್ಲಿ ಹಿಟ್ಟಿನ ಮುದ್ದೆಯಂಥ ಗಟ್ಟಿ ಅಡಕ ಸಿಕ್ಕಿತು. ಒಣಮೇವು ಕರುಳಿನಲ್ಲಿ ಕಟ್ಟಿಕೊಂಡ ಹೊಟ್ಟೆಶೂಲೆ. ನೋವಿನ ಇಂಜೆಕ್ಷನ್ ಕೊಟ್ಟು, ಮೂಗಿನ ಮೂಲಕ ಜಠರಕ್ಕೆ ಕೊಳವೆ ಇಳಿಸಿದರು. ಕೊಳವೆ ಸರಿಯಾದ ದಾರಿಯಲ್ಲೇ ಇದೆ, ಜಠರದಲ್ಲಿ ಏನೂ ತುಂಬಿ ನಿಂತಿಲ್ಲ ಎಂದು ಖಾತ್ರಿ ಮಾಡಿಕೊಂಡ ಮೇಲೆಯೇ 5 ಲೀಟರ್ ಉಗುರುಬೆಚ್ಚಗಿನ ನೀರು, ಲವಣಗಳ ಸಮೇತ. ಮಧ್ಯಾಹ್ನ ಮತ್ತೊಮ್ಮೆ, ಸಂಜೆ ಮತ್ತೊಮ್ಮೆ. ರಾತ್ರಿ ಹತ್ತರ ಹೊತ್ತಿಗೆ ಮೊದಲ ಲದ್ದಿ ಬಿತ್ತು. ಮರುದಿನ ಮಧ್ಯಾಹ್ನಕ್ಕೆ ಕರುಳು ಬಿಡಿಸಿಕೊಂಡಿತು. ಕೊಳವೆ ಇಳಿಸುವುದು ವೈದ್ಯರ ಕೈಯ ಕೆಲಸ. ನೋಡಿ ಕಲಿತು ಮನೆಯಲ್ಲಿ ಪ್ರಯತ್ನಿಸುವಂಥದ್ದಲ್ಲ.

ಕಾರಣ ಒಂದಲ್ಲ

ಚಿಕಿತ್ಸೆ ಮುಗಿದ ಮೇಲೆ ಮನೆಯವರ ಪ್ರಶ್ನೆ ಒಂದೇ: ಬೂಸಾ ಹೊಟ್ಟೆ ಸಡಿಲ ಮಾಡುತ್ತದೆ ಅಂತಾರಲ್ಲ, ಅದನ್ನೇ ಕೊಟ್ಟರೆ ಹೊಟ್ಟೆ ಕಟ್ಟಿದ್ದು ಹೇಗೆ?

ಉತ್ತರ ನೀರಿನ ಲೆಕ್ಕದಲ್ಲಿತ್ತು. ಹಸಿಹುಲ್ಲಿನಲ್ಲಿ ನೂರಕ್ಕೆ 75-80 ಪಾಲು ನೀರೇ. 20 ಕೆ.ಜಿ. ಹಸಿಹುಲ್ಲು ತಿಂದ ಕುದುರೆ ಮೇವಿನಿಂದಲೇ 15 ಲೀಟರ್ ನೀರು ಒಳಗೆ ತೆಗೆದುಕೊಳ್ಳುತ್ತದೆ. ಒಣಹುಲ್ಲು, ಬೂಸಾ, ಕಾಳು ಇವುಗಳಲ್ಲಿ ನೀರಿನಂಶ ನೂರಕ್ಕೆ ಹತ್ತರಷ್ಟು. ಏಳೂವರೆ ಕೆ.ಜಿ. ತಿಂದರೂ ಒಂದು ಲೀಟರ್ ತುಂಬುವುದಿಲ್ಲ. ಅಂದರೆ ಮೇವು ಬದಲಾದ ದಿನದಿಂದ ಅವಳು ಮೊದಲಿಗಿಂತ 14 ಲೀಟರ್ ಹೆಚ್ಚು ಕುಡಿಯಬೇಕಿತ್ತು. ಹೆಚ್ಚು ಕುಡಿದಳೇ? ಲಾಯದಲ್ಲಿ ಎರಡು ಹೊತ್ತು ಒಂದೊಂದು ಬಕೆಟ್ ನೀರಿಡುವ ರೂಢಿ, ಮಳೆಗಾಲಕ್ಕೆ ಸರಿಹೋಗುತ್ತಿದ್ದ ರೂಢಿ, ಹಾಗೆಯೇ ಮುಂದುವರಿದಿತ್ತು. ಚೇತರಿಕೆಯ ನಂತರ ಅಳೆದು ನೋಡಿದರೆ ತಣ್ಣನೆಯ ಅಬ್ಬಿ ನೀರನ್ನು (ಗುಡ್ಡದಿಂದ ಹರಿದು ಬರುವ ನೀರು) ದಿನಕ್ಕೆ 12 ಲೀಟರ್ ಮಾತ್ರ ಕುಡಿಯುತ್ತಿದ್ದಳು. 100 ಕೆ.ಜಿ. ಮೈತೂಕಕ್ಕೆ 5ರಿಂದ 7 ಲೀಟರ್ ಎಂದರೂ ಇವಳಿಗೆ ಕನಿಷ್ಠ 16, ಒಣಮೇವಿನ ಮೇಲಿದ್ದರೆ 22ರವರೆಗೆ ಬೇಕು.

ಬತ್ತದ ಹುಲ್ಲಿನದು ಇನ್ನೊಂದು ಕಥೆ. ಅದರಲ್ಲಿ ಸಿಲಿಕಾ ಹೆಚ್ಚು, ಜೀರ್ಣವಾಗದ ನಾರು ಹೆಚ್ಚು. ಹಸು ಮೆಲುಕು ಹಾಕಿ ಮತ್ತೆ ಮತ್ತೆ ಅರೆದು ಅದನ್ನು ದಕ್ಕಿಸಿಕೊಳ್ಳುತ್ತದೆ. ಕುದುರೆಗೆ ಅಗಿಯಲು ಸಿಗುವುದು ಒಂದೇ ಅವಕಾಶ.

ಆ ಒಂದು ಅವಕಾಶವೂ ಇವಳಿಗೆ ಸರಿಯಾಗಿ ಇರಲಿಲ್ಲ ಎಂಬುದು ಗೊತ್ತಾದದ್ದು ಬಾನಿಯ ಅಡಿ ಗುಡಿಸುವಾಗ. ಅರ್ಧ ಅಗಿದು ಉಗುಳಿದ ಹುಲ್ಲಿನ ಉಂಡೆಗಳು, ನಿಂಬೆಹಣ್ಣಿನಷ್ಟು, ಎಂಟು ಹತ್ತು ಸಿಕ್ಕವು. ದಿನಾ ಗುಡಿಸುತ್ತಿದ್ದ ಹುಡುಗ ಅವನ್ನು ಚೆಲ್ಲಿದ ಮೇವು ಎಂದುಕೊಂಡಿದ್ದ. ಬಾಯಿ ನೋಡಿದರೆ ದವಡೆ ಹಲ್ಲುಗಳ ಅಂಚು ಚೂಪಾಗಿ, ಕೆನ್ನೆಯ ಒಳಬದಿ ಗೀರಿತ್ತು. ಮೆತ್ತನೆಯ ಹಸಿಹುಲ್ಲಿಗೆ ಅದು ಅಷ್ಟಾಗಿ ತೊಂದರೆ ಕೊಟ್ಟಿರಲಿಲ್ಲ. ಗಡಸು ಹುಲ್ಲು ಬಂದಾಗ ಕಾಣಿಸಿಕೊಂಡಿತು. ಜನವರಿಯಲ್ಲಿ ಹಲ್ಲು ಅರದಿಂದ ಉಜ್ಜಿಸಿದರು. ವರ್ಷಕ್ಕೊಮ್ಮೆ ಬಾಯಿ ತೋರಿಸುವುದನ್ನು ಖರ್ಚಿನ ಬಾಬತ್ತೆಂದು ಮುಂದೂಡುವ ಲಾಯಗಳೇ ಹೆಚ್ಚು. ಅದು ತಪ್ಪು ಉಳಿತಾಯ.

ಇನ್ನು ಬೂಸಾ. ಬೂಸಾ ತಿಂದ ಮರುದಿನ ಲದ್ದಿ ಸಡಿಲವಾಗುವುದನ್ನು ಕಂಡವರು "ಹೊಟ್ಟೆ ಶುದ್ಧಿಯಾಯಿತು" ಎನ್ನುತ್ತಾರೆ. ನಿಜದಲ್ಲಿ ಅದು ದೊಡ್ಡ ಕರುಳಿನ ಸೂಕ್ಷ್ಮಾಣುಗಳಿಗೆ ಹಠಾತ್ ಮೇವು ಬದಲಾದ ಗಲಿಬಿಲಿ. ಅರೆನೀರಿನಲ್ಲಿ ಉಂಡೆ ಕಟ್ಟಿದ ಒಂದೂವರೆ ಕೆ.ಜಿ. ಬೂಸಾ ಒಳಗೆ ಹೋಗಿ ನೀರು ಕೊಡುವುದಿಲ್ಲ, ಹೀರುತ್ತದೆ. ನಿಧಾನವಾಗಿ ಕೆಡುಕು ಮಾಡುವ ಮತ್ತೊಂದು ಸಂಗತಿಯೂ ಅದರಲ್ಲಿದೆ: ಒಂದೂವರೆ ಕೆ.ಜಿ. ಬೂಸಾದಲ್ಲಿ ರಂಜಕ 15 ಗ್ರಾಂಗೂ ಹೆಚ್ಚು, ಕ್ಯಾಲ್ಸಿಯಂ ಎರಡು ಗ್ರಾಂನಷ್ಟು. ಇಡೀ ದಿನದ ಮೇವಿನಲ್ಲಿ ಕ್ಯಾಲ್ಸಿಯಂ ರಂಜಕಕ್ಕಿಂತ ಹೆಚ್ಚಿರಬೇಕು, ಒಂದೂವರೆಯಿಂದ ಎರಡು ಪಟ್ಟು ಇದ್ದರೆ ಒಳ್ಳೆಯದು. ತಿಂಗಳುಗಟ್ಟಲೆ ಇದು ತಲೆಕೆಳಗಾಗಿದ್ದರೆ ದೇಹ ಮೂಳೆಯಿಂದ ಕ್ಯಾಲ್ಸಿಯಂ ಎಳೆದುಕೊಳ್ಳುತ್ತದೆ. ಮುಖದ ಮೂಳೆ ಊದಿಕೊಳ್ಳುತ್ತದೆ, ಕಾಲು ಕುಂಟುತ್ತದೆ. ನೇಪಿಯರ್ ಹುಲ್ಲಿನಲ್ಲಿ ಆಕ್ಸಲೇಟ್ ಇದ್ದು ಇದ್ದ ಕ್ಯಾಲ್ಸಿಯಂ ಅನ್ನೂ ಕಟ್ಟಿಹಾಕುವುದರಿಂದ ಬೂಸಾ ಮತ್ತು ನೇಪಿಯರ್ ಜೋಡಿ ಕುದುರೆಗೆ ವಿಶೇಷವಾಗಿ ಕೆಟ್ಟದ್ದು. ಹೈನುಗಾರಿಕೆ ಇರುವ ಮನೆಗಳಲ್ಲಿ ಎರಡೂ ಕೈಗೆ ಸಿಗುವಂತೆ ಇರುತ್ತವೆ ಎಂಬುದೇ ಚಿಂತೆಯ ವಿಷಯ.

ಮೈ ಬೆಚ್ಚಗಾಗುವುದು ಯಾವುದರಿಂದ ಎಂಬ ಪ್ರಶ್ನೆಗೂ ಇಲ್ಲೇ ಉತ್ತರವಿದೆ. ನಾರು ದೊಡ್ಡ ಕರುಳಿನಲ್ಲಿ ಹುದುಗುವಾಗ ಗಂಟೆಗಟ್ಟಲೆ ಕಾವು ಹುಟ್ಟುತ್ತದೆ. ಬಿಸಿ ಗಂಜಿಯ ಬಿಸಿ ಅಷ್ಟು ದೊಡ್ಡ ದೇಹದಲ್ಲಿ ಕೆಲವೇ ನಿಮಿಷದ್ದು. ಬೆಲ್ಲ, ಶುಂಠಿ, ಮೆಣಸು ಚಳಿಗೆ ಏನೂ ಮಾಡುವುದಿಲ್ಲ. ಮೈ ಒಣಗಿದ್ದು, ಗಾಳಿ ನುಗ್ಗದ ಲಾಯವಿದ್ದು, ಹೊಟ್ಟೆ ತುಂಬ ಮೇವಿದ್ದರೆ ವಯಸ್ಕ ಕುದುರೆ ಸುಮಾರು 5 ಡಿಗ್ರಿ ಚಳಿಯವರೆಗೂ ಹೆಚ್ಚುವರಿ ಆಹಾರ ಬೇಡುವುದಿಲ್ಲ. ಮಲೆನಾಡಿನ 14 ಡಿಗ್ರಿ ನಮಗೆ ಚಳಿ, ಅದಕ್ಕಲ್ಲ. ಇಬ್ಬನಿಯಲ್ಲಿ ನೆನೆದ ಗೋಣಿತಾಟನ್ನು ಬೆನ್ನಿಗೆ ಹೊದಿಸುವುದರಿಂದ ಮಾತ್ರ ಅದಕ್ಕೆ ನಿಜವಾಗಿ ಚಳಿಯಾಗುತ್ತದೆ, ಏಕೆಂದರೆ ಗಾಳಿ ಹಿಡಿದಿಟ್ಟುಕೊಳ್ಳುವ ಕೂದಲು ಒದ್ದೆಯಾಗಿ ಮೈಗೆ ಅಂಟಿಬಿಡುತ್ತದೆ.

ಏನೇನು ಮಾಡಿ ನೋಡಿದರು

ಮೊದಲ ಎರಡು ಪ್ರಯತ್ನ ಕೈಕೊಟ್ಟವು. ಒಣಮೇವು ಕೆಟ್ಟದ್ದು ಎಂದು ಗಾಬರಿಯಾಗಿ ಚೇತರಿಸಿಕೊಂಡ ಐದನೆಯ ದಿನವೇ ಪಕ್ಕದ ತೋಟದಿಂದ 25 ಕೆ.ಜಿ. ನೇಪಿಯರ್ ತಂದು ಒಮ್ಮೆಗೇ ಹಾಕಿದರು. ಎರಡನೆಯ ದಿನಕ್ಕೆ ಹೊಟ್ಟೆ ಉಬ್ಬರ, ಸೆಗಣಿಯಂತೆ ತೆಳ್ಳಗಿನ ಲದ್ದಿ. ಒಣಹುಲ್ಲಿನಿಂದ ಹಸಿಗೆ ಹೋಗುವುದೂ ಹಸಿಯಿಂದ ಒಣಕ್ಕೆ ಹೋಗುವಷ್ಟೇ ನಿಧಾನವಾಗಬೇಕು, ಕನಿಷ್ಠ 10 ದಿನ. ಹಳೆಯದನ್ನು ದಿನಕ್ಕೆ ಹತ್ತರಲ್ಲಿ ಒಂದು ಪಾಲು ತೆಗೆದು, ಅಷ್ಟೇ ಹೊಸದನ್ನು ಸೇರಿಸುತ್ತ ಹೋಗಬೇಕು.

ಎರಡನೆಯದು ಉಪ್ಪು. ಬಾಯಾರಿಕೆ ಆಗಲೆಂದು ನೀರಿನ ಬಕೆಟ್ಟಿಗೇ ಕಲ್ಲುಪ್ಪು ಕದಡಿದರು. ಕುದುರೆ ಮೂಸಿ ಮುಖ ತಿರುಗಿಸಿದಳು. ಅಂದು ಕುಡಿದದ್ದು 8 ಲೀಟರ್. ಉಪ್ಪು ಮೇವಿಗೆ ಸೇರಬೇಕು, ನೀರು ಸಪ್ಪೆಯಾಗಿಯೇ ಇರಬೇಕು.

ನಂತರದ್ದೇ ಕೊನೆಗೆ ನೆಲೆನಿಂತ ಕ್ರಮ. ಬಚ್ಚಲ ಹಂಡೆಯ ನೀರು ಹೇಗೂ ದಿನವಿಡೀ ಬಿಸಿ ಇರುತ್ತದೆ. ಒಂದು ಪಾಲು ಹಂಡೆ ನೀರಿಗೆ ನಾಲ್ಕು ಪಾಲು ಅಬ್ಬಿ ನೀರು ಬೆರೆಸಿದರೆ ಸುಮಾರು 25 ಡಿಗ್ರಿಗೆ ಬರುತ್ತದೆ, ಕೈಯಿಟ್ಟರೆ ತಣ್ಣಗೂ ಅನಿಸಬಾರದು, ಬಿಸಿಯೂ ಅನಿಸಬಾರದು. ಅಂಥ ಬಕೆಟ್ ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ಮಲಗುವ ಮುಂಚೆ. ಖಾಲಿಯಾದರೆ ಇನ್ನೊಂದು. ಎಷ್ಟು ಕುಡಿದಳೆಂದು ಗೋಡೆಯ ಮೇಲೆ ಇದ್ದಿಲಿನಿಂದ ಗೀಟು.

ಮೇವು: ಬ್ಯಾಣದ ಕರಡ (ಹುಲ್ಲುಗಾವಲಿನ ಒಣಹುಲ್ಲು) 3.5 ಕೆ.ಜಿ., ಬಯಲುಸೀಮೆಯಿಂದ ತರಿಸಿದ ಒಣಗಿಸಿದ ಕುದುರೆ ಮಸಾಲೆ (ಲೂಸರ್ನ್) ಸೊಪ್ಪು 1 ಕೆ.ಜಿ., ತೋಟದ ನೆರಳಿನ ಹಸಿಹುಲ್ಲು 8 ಕೆ.ಜಿ. ನೀರಿನಂಶ ಕಳೆದರೆ ಒಟ್ಟು 5.8 ಕೆ.ಜಿ. ಒಣಪದಾರ್ಥ, ಮೈತೂಕದ ನೂರಕ್ಕೆ 1.8ರಷ್ಟು. ಒಂದೂವರೆಗಿಂತ ಕೆಳಗೆ ಇಳಿಯಬಾರದು. ಕುದುರೆ ಮಸಾಲೆಯಲ್ಲಿ ಕ್ಯಾಲ್ಸಿಯಂ ಧಾರಾಳ, ಹಾಗಾಗಿ ಬೂಸಾ ಕೆಡಿಸಿದ ಲೆಕ್ಕವನ್ನು ಅದು ಸರಿದೂಗಿಸಿತು. ಕರಡವನ್ನು ಮೂರು ಹೊತ್ತಿಗೆ ಹಂಚಿ, ದೊಡ್ಡ ಪಾಲನ್ನು ರಾತ್ರಿಗೆ ಇಟ್ಟರು. ಚಳಿಯ ಹೊತ್ತಿಗೆ ಕರುಳಿನ ಒಲೆ ಉರಿಯಲಿ ಎಂದು. ಬೂಷ್ಟು ಹಿಡಿದ ಕಟ್ಟನ್ನು ಬಿಸಿಲಿಗೆ ಹಾಕಿ ಕೊಡುವುದೂ ಬೇಡ ಎಂದು ತೀರ್ಮಾನಿಸಿದರು. ಬಿಸಿಲು ವಾಸನೆಯನ್ನು ತೆಗೆಯುತ್ತದೆ, ವಿಷವನ್ನಲ್ಲ.

ಹಿರಿಯಮ್ಮನ ರಾತ್ರಿ ಗಂಜಿ ನಿಲ್ಲಲಿಲ್ಲ. ಅದರ ಪಾಕ ಬದಲಾಯಿತು. ಹುರುಳಿ 500 ಗ್ರಾಂ ಮಾತ್ರ, 12 ತಾಸು ನೆನೆಸಿ, ನೆನೆಸಿದ ನೀರು ಚೆಲ್ಲಿ, ಹೊಸ ನೀರಿನಲ್ಲಿ ಬೆರಳಿಗೆ ಹಿಸುಕಿದರೆ ಪೂರ್ತಿ ಮೆತ್ತಗಾಗುವವರೆಗೆ ಬೇಯಿಸುವುದು. ಅರೆಬೆಂದ ಹುರುಳಿಯಲ್ಲಿ ಪ್ರೋಟೀನ್ ಜೀರ್ಣವಾಗದಂತೆ ತಡೆಯುವ ಅಂಶ ಉಳಿದುಬಿಡುತ್ತದೆ. ಬೇರೆ ಪಾತ್ರೆಯಲ್ಲಿ ನೀರು ತಳಮಳ ಕುದಿಯುವಾಗ 50 ಗ್ರಾಂ ಅಗಸೆ ಬೀಜ ಹಾಕಿ ಹದಿನೈದು ನಿಮಿಷ ಕುದಿಸುವುದು, ಲೋಳೆ ಬಿಡುವವರೆಗೆ. ಅಗಸೆಯನ್ನು ಬೆಚ್ಚಗಿನ ನೀರಿನಲ್ಲಿ ನೆನೆಸಿಡಬಾರದು, ಸಯನೈಡ್ ಬಿಡುಗಡೆಯಾಗುವುದು ಆ ಹದದಲ್ಲೇ. ಕುದಿವ ನೀರಿಗೇ ಹಾಕಬೇಕು. ಎರಡನ್ನೂ ಬೆರೆಸಿ, ದಿನದ ಕುದುರೆ ಮಸಾಲೆಯಲ್ಲೇ ಒಂದು ಹಿಡಿ ಕತ್ತರಿಸಿ ಹಾಕಿ, ಉಪ್ಪು 25 ಗ್ರಾಂ (ಮಟ್ಟಸವಾಗಿ ನಾಲ್ಕೈದು ಟೀ ಚಮಚ), 4 ಲೀಟರ್ ನೀರು. ಸೌಟಿನಿಂದ ಎತ್ತಿದರೆ ಅಕ್ಕಚ್ಚಿನಂತೆ ಸುರಿಯಬೇಕು, ಉಂಡೆ ಕಟ್ಟಬಾರದು. ಮಣಿಕಟ್ಟಿನ ಒಳಬದಿಗೆ ಒಂದು ತೊಟ್ಟು ಬಿಟ್ಟುಕೊಂಡು ಬಿಸಿ ನೋಡಿ ಕೊಡುವುದು. ಎರಡು ಮೂರು ತಾಸಿನಲ್ಲಿ ತಿನ್ನದೆ ಉಳಿದದ್ದನ್ನು ಚೆಲ್ಲಿ ಬಾನಿ ತೊಳೆಯುವುದು. ಬೆಳಗಿನವರೆಗೆ ಬಿಟ್ಟರೆ ಹುಳಿಯುತ್ತದೆ. ವಾರಕ್ಕೊಮ್ಮೆ ಹಬ್ಬದೂಟದಂತೆ ಕೊಡುವುದಲ್ಲ, ಕೊಟ್ಟರೆ ದಿನಾ, ಅದೇ ಅಳತೆ.

ಹಸುವಿಗೆ ತಂದ ಪಶು ಆಹಾರದ ಚೀಲ, ಕೋಳಿ ಆಹಾರ ಇವು ಲಾಯದ ಹತ್ತಿರವೂ ಇರಬಾರದು. ಕೋಳಿ ಆಹಾರಕ್ಕೆ ಸೇರಿಸುವ ಮೊನೆನ್ಸಿನ್ ಕುದುರೆಯ ಹೃದಯದ ಸ್ನಾಯುವನ್ನೇ ಹಾಳುಮಾಡುತ್ತದೆ. ಮೈತೂಕದ ಕೆ.ಜಿ.ಗೆ ಎರಡು ಮೂರು ಮಿಲಿಗ್ರಾಂ ಸಾಕು, ಮದ್ದಿಲ್ಲ.

ತಿಂಡಿಬುಟ್ಟಿ

ಕ್ರಿಸ್‌ಮಸ್ ರಜೆಯಲ್ಲಿ ಅದೇ ಲಾಯದ ತಟ್ಟುವಿಗೆ ಗಂಟಲು ಕಟ್ಟಿತು. ಅತಿಥಿಗಳ ಮಗು ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಿದ ಕ್ಯಾರೆಟ್ಟನ್ನೂ ಒಣ ಬ್ರೆಡ್ಡನ್ನೂ ಒಂದರ ಹಿಂದೊಂದು ತಿನ್ನಿಸಿತ್ತು. ತಟ್ಟು ಕತ್ತು ಚಾಚಿ ಕೆಮ್ಮಿತು, ಎರಡೂ ಮೂಗಿನಿಂದ ಜೊಲ್ಲು ಬೆರೆತ ಮೇವು ಸುರಿಯಿತು. ಈ ಸಲ ಯಾರೂ ಗೊಟ್ಟ ಹುಡುಕಲಿಲ್ಲ. ಮೇವು, ನೀರು ಎರಡನ್ನೂ ದೂರವಿಟ್ಟು, ತಲೆ ತಗ್ಗಿಸಿ ನಿಲ್ಲುವಂತೆ ಹಗ್ಗ ಸಡಿಲಿಸಿ, ವೈದ್ಯರಿಗೆ ಕರೆ ಮಾಡಿ, ಸುತ್ತ ಸೇರಿದವರನ್ನು ಹಿಂದೆ ಕಳಿಸಿದರು. ವೈದ್ಯರು ದಾರಿಯಲ್ಲಿರುವಾಗಲೇ, ನಲವತ್ತು ನಿಮಿಷಕ್ಕೆ, ಜೊಲ್ಲಿನಲ್ಲೇ ನೆನೆದು ಇಳಿಯಿತು. ಮೇವು ಶ್ವಾಸಕೋಶಕ್ಕೆ ಹೋಗಿರಬಹುದೆಂದು ಮುಂದಿನ ಮೂರು ದಿನ ಬೆಳಿಗ್ಗೆ ಸಂಜೆ ಜ್ವರ ನೋಡಿದರು.

ಅದಾದ ಮೇಲೆ ಹೋಂಸ್ಟೇ ಬಾಗಿಲಲ್ಲಿ ಒಂದು ಬುಟ್ಟಿ ಇಟ್ಟರು. ಅದರಲ್ಲಿರುವುದನ್ನು ಬಿಟ್ಟು ಬೇರೇನೂ ಕುದುರೆಗೆ ಇಲ್ಲ. ಕ್ಯಾರೆಟ್ ಉದ್ದುದ್ದ ಸೀಳಿದ್ದು, ಬೆರಳಿಗಿಂತ ಉದ್ದವಿರಬೇಕು, ಹಲ್ಲಿನಿಂದ ಕಚ್ಚಿ ಮುರಿದು ಅಗಿಯುವಂತೆ. ಬಿಲ್ಲೆ ಮಾಡಿದರೆ ಅಗಿಯದೆ ನುಂಗುತ್ತದೆ, ಅದು ಅನ್ನನಾಳಕ್ಕೆ ಬಿರಡೆಯಂತೆ ಕೂರುತ್ತದೆ. ಅರ್ಧ ಬಾಳೆಹಣ್ಣು, ಬೀಜ ತೆಗೆದ ಸೇಬಿನ ಹೋಳು. ಬೆಲ್ಲ ಕೊಡಲೇಬೇಕೆಂದರೆ ನೆಲ್ಲಿಕಾಯಿ ಗಾತ್ರದ ಒಂದೇ ಚೂರು, ದಪ್ಪಗಾದ ಕುದುರೆಗೆ ಅಥವಾ ಗೊರಸು ನೋವು ಬಂದಿದ್ದ ಕುದುರೆಗೆ ಅದೂ ಇಲ್ಲ. ಎಲ್ಲ ಸೇರಿ ಒಂದು ಕುದುರೆಗೆ ದಿನಕ್ಕೆ 300 ಗ್ರಾಂ. ಬುಟ್ಟಿ ಖಾಲಿಯಾದರೆ ಮುಗಿಯಿತು.

ಬೇಡವೇ ಬೇಡ ಎಂದು ಹಲಗೆಯ ಮೇಲೆ ಬರೆದದ್ದು: ಬ್ರೆಡ್ಡು, ಬಿಸ್ಕತ್ತು, ಚಾಕೊಲೇಟು, ಈರುಳ್ಳಿ ಬೆಳ್ಳುಳ್ಳಿ ಸೇರಿದ ಅಡುಗೆ, ಎಲೆಕೋಸು, ಹೂಕೋಸು, ಆಲೂಗಡ್ಡೆ, ಟೊಮೆಟೊ ಗಿಡ. ಬೆಣ್ಣೆಹಣ್ಣು (ಅವಕಾಡೊ) ಎರಡು ಸಲ ಅಡಿಗೆರೆ ಎಳೆದು ಬರೆದರು. ಮಲೆನಾಡಿನ ತೋಟಗಳಲ್ಲಿ ಈಗ ಅದರ ಗಿಡ ಹೆಚ್ಚುತ್ತಿದೆ, ಎಲೆ, ತೊಗಟೆ, ಹಣ್ಣು ಎಲ್ಲವೂ ಕುದುರೆಗೆ ವಿಷ. ಹುಲ್ಲುಹಾಸು ಕತ್ತರಿಸಿದ ಯಂತ್ರದ ಪುಡಿಹುಲ್ಲೂ ಬೇಡ, ರಾಶಿಯಲ್ಲಿ ಬಿಸಿಯಾಗಿ ಬೇಗ ಹುದುಗುತ್ತದೆ. ಮಕ್ಕಳು ಕೈಯಿಂದ ಕೊಡುವ ಬದಲು ಬುಟ್ಟಿಯದನ್ನು ಬಾನಿಗೆ ಹಾಕಿ ಹಿಂದೆ ಸರಿದು ನೋಡಬೇಕು. ಕೈಯಿಂದಲೇ ಪಡೆದು ರೂಢಿಯಾದ ಕುದುರೆ ಖಾಲಿ ಕೈಯನ್ನೂ ಕಚ್ಚಿ ನೋಡುತ್ತದೆ.

ಕಂಡ ಫಲ

ಮೂರನೆಯ ವಾರದ ಹೊತ್ತಿಗೆ ಗಂಜಿಯ ನೀರೂ ಸೇರಿ ದಿನಕ್ಕೆ 20ರಿಂದ 22 ಲೀಟರ್. ಅದರಲ್ಲಿ ಬೆಚ್ಚಗಿನ ನೀರಿನ ಪಾಲೆಷ್ಟು, ಉಪ್ಪಿನ ಪಾಲೆಷ್ಟು ಎಂದು ಬಿಡಿಸಿ ಹೇಳಲು ಬರುವುದಿಲ್ಲ, ಎರಡನ್ನೂ ಒಂದೇ ವಾರ ಶುರುಮಾಡಿದ್ದರು. ಲದ್ದಿ ದಿನಕ್ಕೆ ನಾಲ್ಕೈದು ಸಲ ಇದ್ದದ್ದು ಒಂಬತ್ತು ಹತ್ತಕ್ಕೆ ಬಂತು, ಉಂಡೆ ನೆಲಕ್ಕೆ ಬಿದ್ದಾಗ ಒಡೆಯುವ ಹದಕ್ಕೆ. ಹಲ್ಲು ಉಜ್ಜಿಸಿದ ಮೇಲೆ ಬಾನಿಯ ಅಡಿಯಲ್ಲಿ ಹುಲ್ಲಿನ ಉಂಡೆ ಕಾಣಲಿಲ್ಲ. ಫೆಬ್ರವರಿ ಕೊನೆಯವರೆಗೆ ಮತ್ತೆ ಹೊಟ್ಟೆನೋವು ಬರಲಿಲ್ಲ.

ಈ ಪ್ರಕರಣದಲ್ಲಿ ಹೆಚ್ಚು ಬೇಸರ ತರಿಸುವುದು ಬೂಸಾ ಗಂಜಿ ಶುರುವಾದ ನಾಲ್ಕನೆಯ ದಿನ. ಅಂದೇ ಲದ್ದಿ ಸಣ್ಣದಾಗಿ, ಗಟ್ಟಿಯಾಗಿ ಬರತೊಡಗಿತ್ತು ಎಂದು ಹುಡುಗ ಆಮೇಲೆ ನೆನಪಿಸಿಕೊಂಡ. ಅವನಿಗೆ ಅದನ್ನು ನೋಡಬೇಕೆಂದು ಯಾರೂ ಹೇಳಿರಲಿಲ್ಲ. ಅಂದು ನೀರು ಹೆಚ್ಚಿಸಿ ಬೂಸಾ ನಿಲ್ಲಿಸಿದ್ದರೆ ಕೊಳವೆ ಇಳಿಸುವ ಹಂತಕ್ಕೆ ಬಹುಶಃ ಹೋಗುತ್ತಿರಲಿಲ್ಲ. ಈಗ ಇದ್ದಿಲ ಗೀಟುಗಳ ಪಕ್ಕದಲ್ಲಿ ಲದ್ದಿಯ ಸಾಲೂ ಇದೆ: ಎಷ್ಟು ಸಲ, ಗಟ್ಟಿಯೋ ಮೆತ್ತಗೋ. ಐದಕ್ಕಿಂತ ಕಡಿಮೆಯಾದ ದಿನ ಮಾಲೀಕರಿಗೆ ಹೇಳಬೇಕು.

ಮರುವರ್ಷ ಅವರು ಕರಡವನ್ನು ತೆನೆ ಬಲಿತು ಕಡ್ಡಿಯಾಗುವ ಮುಂಚೆಯೇ ಕೊಯ್ಯಿಸಿ ಅಟ್ಟಕ್ಕೆ ಏರಿಸಿದರು. ನವೆಂಬರ್ 15ರಿಂದ ಹಸಿಯ ಜೊತೆ ದಿನಕ್ಕಿಷ್ಟು ಎಂದು ಬೆರೆಸುತ್ತ ಬಂದರು. ಬತ್ತದ ಹುಲ್ಲು ಕುದುರೆಯ ಕಾಲಡಿಗೆ ಹಾಸಲು ಹೋಯಿತು.